ಸನಾದಿಯ ಸೀಮೆಯಲ್ಲಿ ತಿರುಗುವ ತಟ್ಟೆ

ವಿಜಯಪುರದಿಂದ ಹುಬ್ಬಳ್ಳಿಯ ದಾರಿ ಹಿಡಿದು ಬರುವವರಿಗೆ ಕೊಲ್ಹಾರ ದಾಟಿದೊಡನೆ ಕೃಷ್ಣೆ ಎದುರಾಗುತ್ತಾಳೆ. ಆಲಮಟ್ಟಿಯ ಹಿನ್ನೀರು ತುಂಬಿ ನಿಂತ ದಿನಗಳಲ್ಲಿ ಇದು ಹೊಳೆಯೋ ಸಮುದ್ರವೋ ಎಂದು ಮಕ್ಕಳು ಬಸ್ಸಿನ ಕಿಟಕಿಗೆ ಮುಖ ಹಚ್ಚಿ ಕೇಳುವುದುಂಟು. ಉದ್ದನೆಯ ಸೇತುವೆ ಮುಗಿದರೆ ಕೊರ್ತಿ. ಅಲ್ಲಿಂದ ಬೀಳಗಿ ತಾಲ್ಲೂಕು. ಬಾಗಲಕೋಟೆಯ ಕಡೆಯಿಂದ ಬಂದರೆ ಅನಗವಾಡಿಯ ಬಳಿ ಘಟಪ್ರಭೆಯನ್ನು ದಾಟಬೇಕು. ಹೀಗೆ ಎರಡು ಹೊಳೆಗಳ ನಡುವೆ ಸಿಕ್ಕಿದ ಸೀಮೆಯಲ್ಲಿದೆ ಬಾಡಗಂಡಿ.

ಹೊಲಗಳಲ್ಲಿ ಕಬ್ಬು, ಊರಿನ ಬಳಿ ಸಕ್ಕರೆ ಕಾರ್ಖಾನೆ, ಶಾಲೆ-ಕಾಲೇಜು, ಈಚೆಗೆ ಬಂದ ವೈದ್ಯಕೀಯ ಕಾಲೇಜು. ಕಬ್ಬು ನುರಿಸುವ ಕಾಲದಲ್ಲಿ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅವು ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಚಾಲಕನ ತಲೆಯ ಮೇಲಿನ ಪೆಟ್ಟಿಗೆಯಿಂದ ಜಾನಪದ ಧಾಟಿಯ ಹಾಡು, ಅದರ ಕೆಳಗೆ ಎದೆ ಗುದ್ದುವ ಡಿಜೆ ತಾಳ! ಮದುವೆ, ಜಾತ್ರೆ, ಗಣಪತಿ ಕಳಿಸುವ ದಿನ ಎಂದರಂತೂ ಹೇಳುವುದೇ ಬೇಡ. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಎಲ್ಲ ಕಡೆಯೂ ಇದೇ ಸದ್ದು.

ಈ ಸದ್ದಿನ ಹಿಂದೆ ಒಂದು ಪುಟ್ಟ ಯಂತ್ರವಿದೆ. ಹತ್ತನೆಯ ತರಗತಿ ಮುಗಿಸಿದ ಹುಡುಗರು ಈಗ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿ ಮನೆಯಲ್ಲಿ ಹಟ ಹಿಡಿಯುತ್ತಾರೆ. ಅದು ಡಿಜಿಟಲ್ ಡಿಜೆ ಕಂಟ್ರೋಲರ್. "ಎರಡು ತಾಟು ತಿರುವಿದರ ಹೊಟ್ಟಿ ತುಂಬತೈತೇನೋ ತಮ್ಮಾ?" ಎಂದು ಅಪ್ಪ ಕೇಳುವುದು, "ಯಪ್ಪಾ, ನಿನಗ ತಿಳ್ಯಾಂಗಿಲ್ಲ ಬಿಡು" ಎಂದು ಮಗ ಮುಖ ತಿರುವುವುದು ಈ ಸೀಮೆಯ ಮನೆಗಳಿಗೆ ಹೊಸದಲ್ಲ. ಆದರೆ ಅಪ್ಪನ ಪ್ರಶ್ನೆಗೂ ಮಗನ ಆಸೆಗೂ ಸರಿಯಾದ ಉತ್ತರ ಸಿಗಬೇಕಾದರೆ ಆ ತಾಟು ಏನು ಮಾಡುತ್ತದೆ ಎಂಬುದು ಇಬ್ಬರಿಗೂ ತಿಳಿದಿರಬೇಕು.

ಅಪ್ಪಣ್ಣನ ಊರು

ಮೆರವಣಿಗೆಯ ಸಂಗೀತ ಈ ನಾಡಿಗೆ ಡಿಜೆಯಿಂದ ಬಂದದ್ದಲ್ಲ. ಬೀಳಗಿ ಎಂದೊಡನೆ ಹಿರಿಯರಿಗೆ ನೆನಪಾಗುವುದು ಸನಾದಿ. 1977ರಲ್ಲಿ ತೆರೆಕಂಡ 'ಸನಾದಿ ಅಪ್ಪಣ್ಣ' ಚಿತ್ರವನ್ನು ಕಾಣದ ಕನ್ನಡಿಗರು ಕಡಿಮೆ. ಬೀಳಗಿಯವರೇ ಆದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರ ಕೃತಿಯನ್ನು ಆಧರಿಸಿದ ಆ ಚಿತ್ರದ ಮೂಲದಲ್ಲಿರುವುದು ಇದೇ ಬೀಳಗಿಯ ಸನಾದಿ ವಾದಕ ಅಪ್ಪಣ್ಣ. ತೆರೆಯ ಮೇಲೆ ರಾಜಕುಮಾರ್ ವಾದ್ಯ ಹಿಡಿದರೆ, ಅದರ ಹಿಂದೆ ಉಸಿರು ತುಂಬಿದವರು ಉಸ್ತಾದ್ ಬಿಸ್ಮಿಲ್ಲಾ ಖಾನರು.

ಸನಾದಿಯ ಜೊತೆಗೆ ಕರಡಿ ವಾದ್ಯ, ದೊಡ್ಡ ತಾಳ ಸೇರಿದರೆ ಅದು ಕರಡಿ ಮಜಲು. ದೇವರ ಪಲ್ಲಕ್ಕಿ ಹೊರಡಲಿ, ಮದುಮಗ ಬರಲಿ, ಮಜಲು ಮುಂದೆ ಇರಲೇಬೇಕು. ನಿಧಾನವಾಗಿ ಶುರುವಾಗುವ ಬಡಿತ ಜನ ಸೇರಿದಂತೆ, ಬೀದಿ ತುಂಬಿದಂತೆ, ವಾದಕರ ಮೈ ಬಿಸಿಯಾದಂತೆ ಏರುತ್ತದೆ. ಎಲ್ಲಿ ಏರಿಸಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಎದುರಿಗಿನ ಜನರ ಕಾಲು ನೋಡಿ ವಾದಕ ತಿಳಿದುಕೊಳ್ಳುತ್ತಾನೆ.

ಆಮೇಲೆ ಮೈಕಿನ ಕಾಲ ಬಂತು. ಮದುವೆ ಮನೆಯ ಮಾಳಿಗೆಯ ಮೇಲೆ ಕಹಳೆಯಂಥ ಸ್ಪೀಕರು ಕಟ್ಟಿ, ಕೆಳಗೆ ಗ್ರಾಮಫೋನಿಗೆ ತಟ್ಟೆ ಹಾಕಿ ಮುಳ್ಳು ಇಡುವ ಮೈಕಿನವನ ಸುತ್ತ ಹುಡುಗರ ಗುಂಪು ನೆರೆಯುತ್ತಿತ್ತು. ತಟ್ಟೆ ಹೋಗಿ ಕ್ಯಾಸೆಟ್ ಬಂತು. ಕ್ಯಾಸೆಟ್ ಹೋಗಿ ಸೀಡಿ, ಪೆನ್‌ಡ್ರೈವ್ ಬಂದವು. ಹಾಡು ಹಚ್ಚುವವನಿಗೆ ಆಗ ಹಚ್ಚುವುದಷ್ಟೇ ಕೆಲಸ. ಹಾಡನ್ನೇ ವಾದ್ಯದಂತೆ ನುಡಿಸುವ ಆಲೋಚನೆ ಬೇರೆ ಕಡೆಯಿಂದ ಬಂದದ್ದು.

ತಟ್ಟೆ ವಾದ್ಯವಾದ ಬಗೆ

ಜಪಾನಿನ ಮತ್ಸುಶಿತಾ ಸಂಸ್ಥೆ 1972ರಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ತಟ್ಟೆಯಂತ್ರವನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಬೆಲ್ಟು ಇರಲಿಲ್ಲ. ಮೋಟಾರು ನೇರವಾಗಿ ತಟ್ಟೆಯನ್ನೇ ತಿರುಗಿಸುತ್ತಿತ್ತು. ಕೈಯಿಂದ ತಡೆದು ಬಿಟ್ಟರೂ ಕ್ಷಣದಲ್ಲಿ ಮೊದಲಿನ ವೇಗಕ್ಕೆ ಬರುವ ಗುಣ ಅದಕ್ಕಿತ್ತು. ಮರುವರ್ಷ, 1973ರ ಆಗಸ್ಟ್ 11ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ಹದಿನೆಂಟರ ತರುಣ ತಂಗಿಯ ಕೂಟವೊಂದರಲ್ಲಿ ಹಾಡು ಹಚ್ಚಿದ. ಹಾಡಿನ ನಡುವೆ ಬರೀ ತಾಳ ಬರುವ ತುಣುಕಿಗೆ ಜನ ಹೆಚ್ಚು ಕುಣಿಯುತ್ತಾರೆ ಎಂಬುದನ್ನು ಗಮನಿಸಿದವನು ಆತ. ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳಲ್ಲಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ಬರುವಂತೆ ಮಾಡಿದ. ಹಿಪ್-ಹಾಪ್ ಹುಟ್ಟಿದ ದಿನವೆಂದು ಆ ದಿನವನ್ನೇ ನೆನೆಯುತ್ತಾರೆ. ಬಡವರ ಓಣಿಯಲ್ಲಿ, ಇದ್ದ ಸಾಮಾನಿನಲ್ಲೇ ಹುಟ್ಟಿದ ಕಲೆ ಅದು.

ಇಂದಿನ ಕಂಟ್ರೋಲರ್ ಆ ಎರಡು ಯಂತ್ರಗಳನ್ನೂ ನಡುವಿನ ಮಿಕ್ಸರನ್ನೂ ಒಂದೇ ಹಲಗೆಗೆ ಇಳಿಸಿದೆ. ಆದರೆ ಕಂಪ್ಯೂಟರಿಗೆ ಜೋಡಿಸುವ ಕಂಟ್ರೋಲರಿನ ಹೊಟ್ಟೆಯಲ್ಲಿ ಹಾಡು ಇರುವುದಿಲ್ಲ. ಹಾಡು ಕಂಪ್ಯೂಟರಿನಲ್ಲಿ. ಸೆರಾಟೊ, ಟ್ರ್ಯಾಕ್ಟರ್, ವರ್ಚುವಲ್ ಡಿಜೆ ಮುಂತಾದ ತಂತ್ರಾಂಶಗಳಿಗೆ 'ಈಗ ತಡೆ, ಈಗ ಬಿಡು, ಈಗ ಹಿಂದೆ ಎಳೆ' ಎಂದು ಯುಎಸ್‌ಬಿ ತಂತಿಯ ಮೂಲಕ ಹೇಳುವುದು ಇದರ ಕೆಲಸ. (ಹೆಸರು ಕೇಳಿ ನಗಬೇಡಿ, ಆ ಟ್ರ್ಯಾಕ್ಟರಿಗೂ ಕಬ್ಬು ಹೇರುವ ಟ್ರ್ಯಾಕ್ಟರಿಗೂ ಸಂಬಂಧವಿಲ್ಲ.) ಅಗ್ಗದ ಯಂತ್ರಗಳಲ್ಲಿ ತಟ್ಟೆ ಕೈ ತಿರುವಿದಷ್ಟೇ ತಿರುಗುತ್ತದೆ. ದುಬಾರಿ ಯಂತ್ರಗಳಲ್ಲಿ ಕೆಲವಕ್ಕೆ ಮೋಟಾರು ಇದ್ದು, ಹಳೆಯ ಗ್ರಾಮಫೋನಿನಂತೆ ತಾನೇ ತಿರುಗುತ್ತದೆ. 2009ರಲ್ಲಿ ಬಂದ ನ್ಯೂಮಾರ್ಕ್ ಎನ್‌ಎಸ್7 ಈ ಬಗೆಯದು.

ಕೈಗೆ ಬಂದ ಮೇಲಿನ ಪಾಠ

ಯಂತ್ರ ಮನೆಗೆ ಬಂದ ಮೊದಲ ದಿನ ಎಲ್ಲರೂ ಒತ್ತುವ ಗುಂಡಿ 'ಸಿಂಕ್'. ಎರಡು ಹಾಡುಗಳ ತಾಳವನ್ನು ಯಂತ್ರವೇ ಅಳೆದು ಕೂಡಿಸುತ್ತದೆ. ನಿಮಿಷಕ್ಕೆ 120 ಬಡಿತದ ಹಾಡನ್ನು 126 ಬಡಿತದ ಹಾಡಿಗೆ ಕೂಡಿಸಬೇಕಾದರೆ ಮೊದಲನೆಯದರ ವೇಗ ಶೇಕಡಾ 5 ಹೆಚ್ಚಬೇಕು. ಇದು ಆರನೆಯ ತರಗತಿಯ ಲೆಕ್ಕ. ಆದರೆ ವೇಗ ಏರಿದರೆ ಧ್ವನಿಯೂ ಏರುತ್ತದೆ. ಶೇಕಡಾ 6ರ ಹತ್ತಿರ ಬಂದರೆ ಸ್ವರ ಹಾರ್ಮೋನಿಯಂನ ಪಕ್ಕದ ಮನೆಗೇ ಜಾರುತ್ತದೆ. ಜಾರದಂತೆ ಹಿಡಿಯುವ ಸೌಲಭ್ಯ ತಂತ್ರಾಂಶದಲ್ಲಿದೆ. ಅತಿಯಾಗಿ ಬಳಸಿದರೆ ಹಾಡುವವರ ಕಂಠ ನಡುಗಿದಂತೆ ಕೇಳುತ್ತದೆ.

ಕಂಪ್ಯೂಟರಿನಲ್ಲೇ ತಯಾರಾದ ಹಾಡುಗಳಿಗೆ ಸಿಂಕ್ ಚೆನ್ನಾಗಿ ಒಗ್ಗುತ್ತದೆ. ಜಾತ್ರೆಯಲ್ಲಿ ಧ್ವನಿಮುದ್ರಿಸಿದ ಕರಡಿ ಮಜಲನ್ನೋ ಡೊಳ್ಳನ್ನೋ ಹಚ್ಚಿದರೆ ಯಂತ್ರ ತಬ್ಬಿಬ್ಬಾಗುತ್ತದೆ. ಏಕೆಂದರೆ ಅಲ್ಲಿ ಲಯ ಗಡಿಯಾರದಂತೆ ನಡೆಯುವುದಿಲ್ಲ, ಉಸಿರಿನಂತೆ ನಡೆಯುತ್ತದೆ. ಮೊದಲ ನಿಮಿಷದಲ್ಲಿ ಯಂತ್ರ ಹಾಕಿದ ಲೆಕ್ಕ ಮೂರನೆಯ ನಿಮಿಷಕ್ಕೆ ಸುಳ್ಳಾಗುತ್ತದೆ. ಆಗ ಹುಡುಗ ಗುಂಡಿ ಬಿಟ್ಟು ಒಂದು ಕಿವಿಗೆ ಹೆಡ್‌ಫೋನ್ ಇಟ್ಟು, ಬೆರಳಿನಿಂದ ತಟ್ಟೆಯನ್ನು ತುಸು ಮುಂದೆ, ತುಸು ಹಿಂದೆ ಒತ್ತಿ ತಾಳ ಕೂಡಿಸಬೇಕು. ಕಲಿಕೆ ಶುರುವಾಗುವುದು ಅಲ್ಲಿಯೇ.

ಇನ್ನೊಂದು ಪಾಠ ತಡದ್ದು. ತಟ್ಟೆ ಮುಟ್ಟಿದ್ದಕ್ಕೂ ಸದ್ದು ಹೊರಬರುವುದಕ್ಕೂ ನಡುವೆ ಕಂಪ್ಯೂಟರ್ ಒಂದಿಷ್ಟು ಧ್ವನಿಯನ್ನು ಕೂಡಿಟ್ಟುಕೊಂಡು ಕೊಡುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಧ್ವನಿಯಲ್ಲಿ 256 ಮಾದರಿ ಕೂಡಿಟ್ಟರೆ ಅದೊಂದರಿಂದಲೇ ಆಗುವ ತಡ ಸುಮಾರು 6 ಮಿಲಿಸೆಕೆಂಡು. ಇದನ್ನು ತೀರ ಕಡಿಮೆ ಮಾಡಿದರೆ ಹಳೆಯ ಕಂಪ್ಯೂಟರ್ ಓಡಲಾರದೆ ಚಟಚಟ ಸದ್ದು ಮಾಡುತ್ತದೆ. ಹೆಚ್ಚು ಮಾಡಿದರೆ ಬೆರಳಿಗೂ ಕಿವಿಗೂ ತಾಳ ತಪ್ಪುತ್ತದೆ. ನಡುವಿನ ದಾರಿಯನ್ನು ಅವರವರೇ ಹುಡುಕಿಕೊಳ್ಳಬೇಕು.

ಉಳಿದವೆಲ್ಲ ಹಳ್ಳಿಯ ಕಷ್ಟಗಳು. ದೂಳು ಸರಿಗುಂಡಿಗಳ ಸಂದಿಗೆ ಇಳಿದರೆ ಧ್ವನಿ ಕರಕರ ಎನ್ನುತ್ತದೆ. ಕೆಲಸ ಮುಗಿದೊಡನೆ ಬಟ್ಟೆ ಮುಚ್ಚಬೇಕು. ಜನರೇಟರಿನ ವಿದ್ಯುತ್ತು ಏರಿಳಿದರೆ, ಭೂಸಂಪರ್ಕ ಸರಿಯಿಲ್ಲದಿದ್ದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ನಾದ. ಟ್ರ್ಯಾಲಿಯ ಅಲುಗಾಟಕ್ಕೆ ಯುಎಸ್‌ಬಿ ತಂತಿ ಸಡಿಲವಾದರೆ ನಡುಬೀದಿಯಲ್ಲಿ ಮೌನ! ಬೇಸಿಗೆಯ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಕಾದು ನಿಂತುಬಿಡುವುದೂ ಉಂಟು. ಅನುಭವಸ್ಥರು ಬೇರೊಂದು ತಂತಿಯನ್ನೂ ಹಾಡು ತುಂಬಿದ ಪೆನ್‌ಡ್ರೈವನ್ನೂ ಕಿಸೆಯಲ್ಲಿ ಇಟ್ಟುಕೊಂಡೇ ಹೊರಡುತ್ತಾರೆ.

ಕಿವಿಯ ಲೆಕ್ಕ, ಕಾನೂನಿನ ಲೆಕ್ಕ

ಪಾಲಕರ ಆತಂಕ ಹಣದ್ದು. ಅದಕ್ಕಿಂತ ದೊಡ್ಡ ಆತಂಕ ಕಿವಿಯದಾಗಬೇಕು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ ಮಾತ್ರ. ಸ್ಪೀಕರಿನ ಗೋಡೆಯ ಬಳಿ ಗಂಟೆಗಟ್ಟಲೆ ನಿಲ್ಲುವ ಹುಡುಗನ ಗತಿಯೇನು? ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಉಳಿಯುವ 'ಕುಂಯ್' ನಾದ ಅದರ ಮೊದಲ ಎಚ್ಚರಿಕೆ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಕೆಲವೇ ಹಬ್ಬದ ದಿನಗಳಿಗೆ ಸರ್ಕಾರ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ-ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರನ್ನು ಮೌನ ವಲಯವೆಂದು ಗುರುತಿಸಲು ಅವಕಾಶವಿದೆ. ಓದುವ ಮಕ್ಕಳೂ ಇರುವ ಬಾಡಗಂಡಿಯಂಥ ಊರಿಗೆ ಈ ಕೊನೆಯ ಮಾತು ಬಹಳ ಮುಖ್ಯ. ಪರೀಕ್ಷೆಯ ಹಿಂದಿನ ರಾತ್ರಿ ಪಕ್ಕದ ಓಣಿಯಲ್ಲಿ ಡಿಜೆ ಕೂಗಿದರೆ ಆ ಹುಡುಗಿಯ ಅಂಕವನ್ನು ಯಾರು ತುಂಬಿಕೊಡುತ್ತಾರೆ?

ಹಾಗೆಂದು ಯಂತ್ರವನ್ನೇ ದೂರುವುದು ಸರಿಯಲ್ಲ. ಕಂಟ್ರೋಲರ್ ಸದ್ದು ಹೆಚ್ಚಿಸುವ ಯಂತ್ರವಲ್ಲ, ಹಾಡು ಕೂಡಿಸುವ ಯಂತ್ರ. ಒಂದು ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಮೆಲುದನಿಯಲ್ಲಿ ಅದನ್ನು ಕಲಿಯಬಹುದು. ಕೊಳ್ಳುವ ಮೊದಲು ಒಂದೆರಡು ತಿಂಗಳು ಬಾಡಿಗೆ ಡಿಜೆಯವರ ಜೊತೆ ತಂತಿ ಸುತ್ತಿ, ಪೆಟ್ಟಿಗೆ ಹೊತ್ತು ನೋಡಿದರೆ ಇದು ಆಸೆಯೋ ಹುಚ್ಚೋ ಎಂಬುದು ಹುಡುಗನಿಗೇ ತಿಳಿಯುತ್ತದೆ. ವರ್ಷವಿಡೀ ಕೆಲಸವಿರುವುದಿಲ್ಲ, ಮದುವೆ, ಜಾತ್ರೆಯ ದಿನಗಳಲ್ಲಿ ಮಾತ್ರ. ಓದು ಬಿಟ್ಟು ಅದನ್ನೇ ನಂಬುವುದಕ್ಕಿಂತ, ಓದಿನ ಜೊತೆಗೆ ವಿದ್ಯುತ್ತು, ಧ್ವನಿವಿಜ್ಞಾನ, ಧ್ವನಿಮುದ್ರಣ ಕಲಿತರೆ ಮುಂದೆ ದಾರಿ ಹಲವು.

ಇನ್ನೊಂದು ಕೆಲಸವೂ ಇದೆ. ಡಿಜೆ ಬಂದ ಮೇಲೆ ಕರಡಿ ಮಜಲಿನವರಿಗೆ ಕರೆ ಕಡಿಮೆಯಾಗಿದೆ. ಸನಾದಿ ಊದುವ ಹಿರಿಯರ ಉಸಿರು ನಿಂತರೆ ಅವರೊಂದಿಗೆ ಅವರ ಮಟ್ಟುಗಳೂ ಹೋಗುತ್ತವೆ. ಲ್ಯಾಪ್‌ಟಾಪ್ ಹಿಡಿದ ಹುಡುಗ ಒಂದು ಮೈಕು ತೆಗೆದುಕೊಂಡು ಅವರ ಮನೆಯ ಕಟ್ಟೆಗೆ ಹೋಗಿ ಕೂತರೆ, "ಅಜ್ಜಾರ, ಒಂದು ಮಜಲು ಬಾರಿಸ್ರಿ, ತುಂಬಿಕೊಂತೀನಿ" ಎಂದರೆ ಇಲ್ಲವೆನ್ನುವವರು ಯಾರು? ಸಿಂಕ್ ಗುಂಡಿಗೆ ಸಿಗದ ಆ ಲಯವನ್ನು ಬೆರಳಿನಿಂದ ಹಿಡಿಯಲು ಕಲಿತವನೇ ಒಳ್ಳೆಯ ಡಿಜೆ ಆಗುತ್ತಾನೆ. ಅಪ್ಪಣ್ಣನ ಸೀಮೆಯಲ್ಲಿ ಗುರುಗಳಿಗಾಗಿ ಬಹಳ ದೂರ ಹೋಗಬೇಕಾಗಿಲ್ಲ.