ಇಪ್ಪತ್ತೊಂದರ ಅರುಣ

ಡಿಸೆಂಬರ್ 16 ಬಂತೆಂದರೆ ನಾವು ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯವರು ಮಕ್ಕಳಿಗೆ ಸೆಕೆಂಡ್ ಲೆಫ್ಟಿನೆಂಟ್ ಅರುಣ ಖೇತ್ರಪಾಲರ ಕಥೆ ಹೇಳುತ್ತೇವೆ. ಹುಟ್ಟಿದ್ದು 1950ರಲ್ಲಿ, ಪುಣೆಯಲ್ಲಿ. 1971ರ ಜೂನ್‌ನಲ್ಲಿ ಪೂನಾ ಹಾರ್ಸ್ ಸೇರಿದರು. ಯುದ್ಧ ಶುರುವಾದಾಗ ನಮ್ಮ ನೆರೆಜಿಲ್ಲೆ ಅಹಮದನಗರದಲ್ಲಿ (ಈಗಿನ ಅಹಿಲ್ಯಾನಗರ) ತರಬೇತಿಯಲ್ಲಿದ್ದರು. ಆರೇ ತಿಂಗಳ ನೌಕರಿ! ನಮ್ಮಲ್ಲಿ ಹೊಸ ಮಾಸ್ತರರಿಗೆ ಮೊದಲ ಪಗಾರ ಆಗಲಿಕ್ಕೂ ಒಮ್ಮೊಮ್ಮೆ ಅಷ್ಟು ದಿನ ಹಿಡಿಯುತ್ತದೆ.

ಬಸಂತರ ಕಾಳಗದಲ್ಲಿ ಅವರ ಟ್ಯಾಂಕಿಗೆ ಬೆಂಕಿ ಹತ್ತಿತು. ಬಿಟ್ಟು ಇಳಿಯಲು ಆದೇಶ ಬಂದರೂ, ತೋಪು ಇನ್ನೂ ನಡೆಯುತ್ತಿದೆ ಎಂದು ಅಲ್ಲೇ ಉಳಿದರು. ಮರಣೋತ್ತರ ಪರಮವೀರ ಚಕ್ರ ಬಂತು. ಇಲ್ಲಿ ಹುಡುಗರು ಚಪ್ಪಾಳೆ ತಟ್ಟುತ್ತಾರೆ.

ನಾವು ಮಾತ್ರ ಅಲ್ಲಿಗೆ ನಿಲ್ಲಿಸುವುದಿಲ್ಲ. 2001ರಲ್ಲಿ ಅರುಣರ ತಂದೆ, ನಿವೃತ್ತ ಬ್ರಿಗೇಡಿಯರ್ ಎಂ. ಎಲ್. ಖೇತ್ರಪಾಲ್, ಹಿರಿಯರ ಊರು ಸರ್ಗೋಧಾ ನೋಡಲು ಪಾಕಿಸ್ತಾನಕ್ಕೆ ಹೋದರು. ಎಂಬತ್ತು ದಾಟಿದ ವಯಸ್ಸು. ಲಾಹೋರಿನಲ್ಲಿ ಮನೆಯವರಂತೆ ನೋಡಿಕೊಂಡ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸೆರ್, ಹೊರಡುವ ಮುನ್ನ, ಅರುಣ ಮಡಿದದ್ದು ತಮ್ಮ ಕೈಯಿಂದಲೇ ಎಂದು ಹೇಳಿಬಿಟ್ಟರು.

"ಆಗ ಅವರ ಅಪ್ಪ ಜಗಳಾ ತಗೀಲಿಲ್ಲೇನ್ರೀ ಸರ್?" ಎಂದು ಏಳನೆಯತ್ತೆಯ ಹುಡುಗಿ ಕೇಳಿದಳು.

ಇಲ್ಲವ್ವಾ. ಇಬ್ಬರೂ ಒಟ್ಟಿಗೆ ನಿಂತು ತೆಗೆಸಿಕೊಂಡ ಫೋಟೋವನ್ನು ನಾಸೆರ್ ಆಮೇಲೆ ಕಳಿಸಿಕೊಟ್ಟರು, ಹಿಂದೆ ಅರುಣರನ್ನು ಹೊಗಳಿ ಬರೆದು.