ವರ್ಗಾವಣೆ ಇಲ್ಲದ ಟಿಕೆಟ್ಟು

ಉಳಿದದ್ದನ್ನು ಎಸೆಯುವುದು ನಮ್ಮ ಜನರಿಂದ ಆಗದ ಕೆಲಸ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಅಣ್ಣನ ಪಠ್ಯಪುಸ್ತಕ ತಮ್ಮನಿಗೆ ಬರುತ್ತದೆ. ಅಪ್ಪನ ಹಳೇ ಪಂಚೆ ಒರೆಸುವ ಬಟ್ಟೆಯಾಗಿ ಇನ್ನೆರಡು ವರ್ಷ ಬಾಳುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳು ಎಷ್ಟು ಎಂಜಿನಿಯರುಗಳನ್ನು ಓದಿಸಿವೆಯೋ ಲೆಕ್ಕ ಇಟ್ಟವರಿಲ್ಲ. ಹೀಗೆ ಬೆಳೆದವರ ಕೈಗೆ ಅರ್ಧ ಬಳಸಿದ ರೈಲು ಟಿಕೆಟ್ಟೊಂದು ಸಿಕ್ಕರೆ ಅವರಿಗೆ ಮೊದಲು ಕಾಣುವುದು ಉಳಿದ ಅರ್ಧ. ಅದರ ಮೇಲೆ ಬರೆದಿರುವ ಹೆಸರು ಕಾಣುವುದು ಆಮೇಲೆ.

1998ರ ಬೇಸಿಗೆಯಲ್ಲಿ ಜರ್ಮನಿಯ ಆಖೆನ್ ನಗರದಲ್ಲಿ ಓದುತ್ತಿದ್ದ ಬೆಂಗಳೂರಿನ ಹುಡುಗನೊಬ್ಬನಿಗೆ ಆದದ್ದೂ ಅದೇ. ಅವನ ಕಾಲೇಜಿನ ಗೆಳೆಯ ಅಮೆರಿಕದಲ್ಲಿ ಕೆಲಸಕ್ಕಿದ್ದವನು ಯುರೋಪ್ ನೋಡಲು ಬಂದಿದ್ದ. ಕೈಯಲ್ಲಿ ಯುರೇಲ್ ಪಾಸು. ಯುರೋಪಿನ ಹೊರಗಿನವರಿಗಾಗಿ 1959ರಿಂದ ಮಾರುತ್ತಿರುವ ಈ ಪಾಸು ಆಗ 17 ದೇಶಗಳಲ್ಲಿ ನಡೆಯುತ್ತಿತ್ತು. ಗೆಳೆಯನದು ಎರಡು ತಿಂಗಳೊಳಗೆ ಯಾವುದಾದರೂ ಹತ್ತು ದಿನ ಓಡಾಡಬಹುದಾದ ಬಗೆಯದು. ಹತ್ತು ಚೌಕಗಳಲ್ಲಿ ಆರಕ್ಕೆ ತಾರೀಖು ಬಿದ್ದಿತ್ತು, ನಾಲ್ಕು ಖಾಲಿ. ರಜೆ ಮುಗಿದಿತ್ತು.

"ತಗೊಳ್ಳೋ, ಇನ್ನೂ ನಾಲ್ಕು ದಿನ ಇದೆ. ನಾನು ವಿಮಾನ ಹತ್ತಿದ ಮೇಲೆ ಇದು ಬರೀ ಕಾಗದ" ಎಂದ ಗೆಳೆಯ.

"ನಿನ್ನ ಹೆಸರಿದೆಯಲ್ಲೋ ಇದರಲ್ಲಿ?"

"ಅವರಿಗೆ ನಾವೆಲ್ಲ ಒಂದೇ ಥರ ಕಾಣ್ತೀವಿ, ಹೋಗೋ."

ಪಾಸಿನ ಮೇಲೆ ಹೆಸರಷ್ಟೇ ಅಲ್ಲ, ಪಾಸ್‌ಪೋರ್ಟ್ ನಂಬರೂ ಇತ್ತು. ಇದನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಎಂಬ ಸಾಲೂ ಇತ್ತು. ಸರ್ಕಾರಿ ನೌಕರನಿಗೆ ಬೇಡವೆಂದರೂ ಬರುವ ವರ್ಗಾವಣೆ ಈ ಟಿಕೆಟ್ಟಿಗೆ ಬೇಕೆಂದರೂ ಇಲ್ಲ!

ಒಂದು ಶನಿವಾರ ಹುಡುಗ ಏಳನೆಯ ಚೌಕದಲ್ಲಿ ತಾರೀಖು ಬರೆದು ಬ್ರಸೆಲ್ಸ್ ಕಡೆಯ ಗಾಡಿ ಹತ್ತಿದ. ಇಪ್ಪತ್ತಾರು ದಾಟಿದವರ ಪಾಸೆಂದರೆ ಮೊದಲ ದರ್ಜೆಯದು. ಜನ್ಮದಲ್ಲಿ ಮೊದಲ ಸಲ ಅಂಥ ಸೀಟಿನಲ್ಲಿ ಕೂತ. ಮೂರು ವರ್ಷದ ಹಿಂದೆ, 1995ರ ಮಾರ್ಚ್‌ನಲ್ಲಿ, ಷೆಂಗೆನ್ ಒಪ್ಪಂದ ಜಾರಿಯಾಗಿ ಜರ್ಮನಿ, ಬೆಲ್ಜಿಯಂ ಗಡಿಯ ತಪಾಸಣೆ ನಿಂತುಹೋಗಿತ್ತು. ಇನ್ನು ದಾಟಬೇಕಾದದ್ದು ಟಿಕೆಟ್ ನೋಡುವವನೊಬ್ಬನನ್ನು. ಅವನು ಬಂದ, ತಾರೀಖು ನೋಡಿದ, ಮುದ್ರೆ ಒತ್ತಿ ಮುಂದೆ ಹೋದ.

ಆದರೆ ಬ್ರಸೆಲ್ಸಿನ ಚಂದದ ಚೌಕದಲ್ಲಿ ನಿಂತು ಹುಡುಗ ನೋಡಿದ್ದು ಕಡಿಮೆ, ಬಾಯಿಪಾಠ ಮಾಡಿದ್ದು ಹೆಚ್ಚು. ಗೆಳೆಯನ ಹುಟ್ಟಿದ ತಾರೀಖು, ಅವನ ಪಾಸ್‌ಪೋರ್ಟ್ ನಂಬರು, ಅವನ ಸಹಿಯ ಬಾಲ. ತನ್ನ ಪಾಸ್‌ಪೋರ್ಟನ್ನು ಚೀಲದ ತಳದಲ್ಲಿ, ತಿಂಡಿ ಡಬ್ಬಿಯ ಕೆಳಗೆ ಹುದುಗಿಸಿದ್ದ. ರಸ್ತೆಯಲ್ಲಿ ಏನಾದರೂ ಅಪಘಾತವಾದರೆ ಯಾರ ಮನೆಗೆ ತಂತಿ ಹೋದೀತು ಎಂಬ ಯೋಚನೆ ಬಂದದ್ದೇ, ತಿಂದ ಚಾಕೊಲೇಟೂ ರುಚಿಸಲಿಲ್ಲ.

ವಾಪಸು ಬರುವಾಗ ಲೀಜ್ ದಾಟಿದ ಮೇಲೆ ಬಂದವನು ಬೇರೆ. ವಯಸ್ಸಾದವನು, ಸಾವಧಾನಿ. ಪಾಸನ್ನು ಪೂರ್ತಿ ಓದಿ, "ಪಾಸ್‌ಪೋರ್ಟ್, ದಯವಿಟ್ಟು" ಎಂದ. ಅಲ್ಲಿಗೆ ಹುಡುಗನ ಲೆಕ್ಕ ಮುಗಿಯಿತು. ತೋರಿಸಿದರೆ ಟಿಕೆಟ್ಟು ಸುಳ್ಳಾಗುತ್ತದೆ, ತೋರಿಸದಿದ್ದರೆ ಆಸಾಮಿಯೇ ಸುಳ್ಳಾಗುತ್ತಾನೆ. ಮರೆತು ಬಂದೆ ಎನ್ನಬಹುದಿತ್ತು. ಆಗ ಮುಂದಿನ ನಿಲ್ದಾಣದಲ್ಲಿ ಪೊಲೀಸರೆದುರು ಗೆಳೆಯನ ಹೆಸರಿನಲ್ಲಿ ಕೈ ಕಟ್ಟಿ ನಿಲ್ಲಬೇಕು. ವೀಸಾ, ವಿದ್ಯಾರ್ಥಿವೇತನ, ಊರಲ್ಲಿ ಪೋಸ್ಟ್‌ಮ್ಯಾನನ್ನು ಕಾಯುವ ಅಮ್ಮ, ಎಲ್ಲ ಒಂದೇ ಉಸಿರಿನಲ್ಲಿ ನೆನಪಾಯಿತು. ತಿಂಡಿ ಡಬ್ಬಿ ಎತ್ತಿ ತನ್ನ ಪಾಸ್‌ಪೋರ್ಟ್ ತೆಗೆದುಕೊಟ್ಟ. ಆ ಮನುಷ್ಯ ಗದರಲಿಲ್ಲ. ಪಾಸನ್ನು ಮುಟ್ಟುಗೋಲು ಹಾಕಿಕೊಂಡು, ಮೊದಲ ದರ್ಜೆಯ ಪೂರ್ತಿ ದರ, ಮೇಲೆ ದಂಡ ಬರೆದು ರಸೀದಿ ಕೊಟ್ಟ. ತಿಂಗಳ ಊಟದ ದುಡ್ಡಿನಲ್ಲಿ ದೊಡ್ಡ ಪಾಲು ಹೋಯಿತು.

ಖಾಲಿ ಬೀಳುವ ಸೀಟಿನಲ್ಲಿ ಒಬ್ಬ ಬಡ ವಿದ್ಯಾರ್ಥಿ ಕೂತರೆ ರೈಲಿನವರ ಗಂಟೇನು ಹೋಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಉತ್ತರಕ್ಕೆ ನಮ್ಮ ಹೋಟೆಲಿನ ಫುಲ್ ಮೀಲ್ಸ್ ನೋಡಿದರೆ ಸಾಕು. ಎಷ್ಟಾದರೂ ಬಡಿಸುತ್ತಾರೆ, ಆದರೆ ಒಂದೆಲೆಯಲ್ಲಿ ಇಬ್ಬರು ಉಣ್ಣುವಂತಿಲ್ಲ. ಬೆಲೆ ಕಟ್ಟಿರುವುದು ಅನ್ನಕ್ಕಲ್ಲ, ಒಂದು ಹೊಟ್ಟೆಗೆ. ಪಾಸಿನ ಗಣಿತವೂ ಇದೇ. ಒಂದು ದೇಹ ಒಂದೇ ಕಾಲಕ್ಕೆ ಎರಡು ಗಾಡಿಯಲ್ಲಿ ಇರಲಾರದು. ಅದಕ್ಕೆ ಕಾಲು ನೋಯುತ್ತದೆ, ನಿದ್ದೆ ಬರುತ್ತದೆ, ರಜೆ ಮುಗಿಯುತ್ತದೆ. ಕೊಂಡವರಲ್ಲಿ ಹಲವರು ಒಂದೆರಡು ದಿನ ಉಳಿಸಿಯೇ ಊರಿಗೆ ಹೋಗುತ್ತಾರೆ ಎಂಬುದೂ ಆ ಬೆಲೆಯೊಳಗೆ ಸೇರಿದೆ. ಉಳಿದ ದಿನಗಳೆಲ್ಲ ಕೈ ಬದಲಾಗತೊಡಗಿದರೆ ಪಾಸಿನ ಬೆಲೆಯೇ ಏರಬೇಕಾಗುತ್ತದೆ. ಆಗ ಮೊದಲು ಹೊರಗುಳಿಯುವವನು ಬಡ ವಿದ್ಯಾರ್ಥಿಯೇ.

ಟಿಕೆಟ್ಟಿಗೂ ಹೆಸರಿಗೂ ನಂಟು ಹಳೆಯದು. ಕುದುರೆಗಾಡಿಯ ಕಾಲದಲ್ಲಿ ಪ್ರಯಾಣಿಕರ ಹೆಸರನ್ನು ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. 1830ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ ಎಂಬಾತ ನಂಬರು ಅಚ್ಚೊತ್ತಿದ ರಟ್ಟಿನ ಟಿಕೆಟ್ ತಂದ. ಮರಗೆಲಸ ಕಲಿತು, ವ್ಯಾಪಾರದಲ್ಲಿ ದಿವಾಳಿಯಾಗಿ, ರೈಲ್ವೆ ನಿಲ್ದಾಣದ ಕೆಲಸಕ್ಕೆ ಸೇರಿದ್ದ ಮನುಷ್ಯ ಅವನು. ನಮ್ಮ ಸ್ಟೇಷನ್ನುಗಳಲ್ಲೂ ಟಕ್ಕೆಂದು ತಾರೀಖು ಒತ್ತಿ ಕೊಡುತ್ತಿದ್ದ ಆ ರಟ್ಟಿನ ಚೂರಿಗೆ ಹೆಸರಿಲ್ಲ, ಹಿಡಿದವನದೇ ಟಿಕೆಟ್ಟು. ಮುಂದೆ ರಿಸರ್ವೇಷನ್ನು, ರಿಯಾಯಿತಿ, ಪಾಸು ಬಂದಂತೆ ಹೆಸರು ಮತ್ತೆ ಹತ್ತಿ ಕೂತಿತು.

ನಮ್ಮ 1989ರ ರೈಲ್ವೆ ಕಾಯ್ದೆ ಕಾಯ್ದಿರಿಸಿದ ಟಿಕೆಟ್ಟನ್ನು ಇನ್ನೊಬ್ಬನ ಪ್ರಯಾಣಕ್ಕೆ ಕೊಟ್ಟವನನ್ನೂ ಪಡೆದವನನ್ನೂ ತಪ್ಪಿತಸ್ಥರೆಂದೇ ಎಣಿಸುತ್ತದೆ. ಆದರೂ ಕರುಣೆಯ ಒಂದು ಕಿಂಡಿ ಇದೆ. ಗಾಡಿ ಹೊರಡುವ 24 ಗಂಟೆ ಮೊದಲು ಅರ್ಜಿ ಕೊಟ್ಟರೆ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು, ಗಂಡ, ಹೆಂಡತಿ ಇವರ ಹೆಸರಿಗೆ ಬದಲಾಯಿಸಿಕೊಡುತ್ತಾರೆ. ಷಡ್ಡಕ ಆ ಪಟ್ಟಿಯಲ್ಲಿಲ್ಲ. ಗೆಳೆಯನೂ ಇಲ್ಲ.

ಯುರೇಲ್ ಪಾಸು ಈಗ 33 ದೇಶಗಳಲ್ಲಿ ನಡೆಯುತ್ತದೆ. ಮೊಬೈಲ್ ಫೋನಿನೊಳಗೇ ಇರುತ್ತದೆ. ಉಳಿದ ದಿನ ಕೊಡುವುದೆಂದರೆ ಫೋನನ್ನೇ ಕೊಡಬೇಕು. ಅಷ್ಟು ದೊಡ್ಡ ಸ್ನೇಹ ಯಾರದೂ ಇರಲಾರದು.

ಆ ರಾತ್ರಿ ಹುಡುಗ ನಾಣ್ಯ ಹಾಕಿ ಅಮೆರಿಕಕ್ಕೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದ. ಗೆಳೆಯ ಒಂದು ಕ್ಷಣ ಸುಮ್ಮನಿದ್ದು ಕೇಳಿದ ಮೊದಲ ಪ್ರಶ್ನೆ: "ನನ್ನ ಹೆಸರು ಬರ್ಕೊಂಡ್ರೇನೋ?" ದಂಡದ ಅರ್ಧ ತಾನು ಕೊಡುತ್ತೇನೆಂದದ್ದು ಆಮೇಲೆ. ಹುಡುಗನಿಗೆ ಸಿಟ್ಟು ಬರಲಿಲ್ಲ. ಇಡೀ ದಿನ ಆ ಹೆಸರನ್ನು ಹೊತ್ತು ತಿರುಗಿದವನು ಅವನೇ ತಾನೆ, ಅದರ ಭಾರ ಎಷ್ಟೆಂದು ಗೊತ್ತಿತ್ತು. "ಬರ್ಕೊಂಡ್ರು, ಜೊತೆಗೆ ನನ್ನದನ್ನೂ ಬರ್ಕೊಂಡ್ರು" ಎಂದ. ಅಷ್ಟು ಹೊತ್ತಿಗೆ ನಾಣ್ಯ ಮುಗಿದಿತ್ತು.