ಸೋದರಳಿಯ ಕೇಳಿದ ಹಾವು

ನಾಗ್ಪುರ ಸ್ಟೇಷನ್ನಿನಿಂದ ಉತ್ತರಕ್ಕೆ ಹೊರಟರೆ ಮೊದಲು ಕಾಣುವುದು ಕೋರಾಡಿಯ ಚಿಮಣಿಗಳು, ಅದಾದ ಮೇಲೆ ಖಾಪರಖೇಡಾದವು. ಊರಿಗೆ ಇನ್ನೂ ಅರ್ಧ ದಾರಿ ಇರುವಾಗಲೇ ದಿಗಂತದಲ್ಲಿ ಇವು ನಿಂತಿರುತ್ತವೆ. ರಸ್ತೆಯ ತುಂಬ ಕಲ್ಲಿದ್ದಲಿನ ಲಾರಿಗಳು, ಅಲ್ಲಲ್ಲಿ ಹಾರುಬೂದಿಯ ಇಟ್ಟಿಗೆ ಮಾಡುವ ಅಂಗಳಗಳು. ಭಾವ ಕಾರಿನ ಗಾಜು ಇಳಿಸಲು ಬಿಡಲಿಲ್ಲ. "ಬೂದಿ ಒಳಗ ಬರ್ತದ, ಬಿಸಿನೂ ಬರ್ತದ" ಅಂದರು. ಮೇ ತಿಂಗಳ ಕೊನೆಯ ವಾರ. ಈ ಕಡೆ ಅದಕ್ಕೆ ನವತಪಾ ಎನ್ನುತ್ತಾರೆ, ವರ್ಷದಲ್ಲೇ ಅತಿ ಉರಿಯ ಒಂಬತ್ತು ದಿನ. ನಾಗ್ಪುರದಲ್ಲಿ 2013ರ ಮೇ ತಿಂಗಳಲ್ಲಿ 47.9 ಡಿಗ್ರಿ ದಾಖಲಾಗಿತ್ತು. ಇಂಥ ಹೊತ್ತಿನಲ್ಲಿ ಪುಣೆಯಿಂದ ರಾತ್ರಿಯೆಲ್ಲ ರೈಲಿನಲ್ಲಿ ಕೂತು ನಾನು ಬಂದದ್ದು ಒಂದು ಹಾವಿನ ವಿಷಯಕ್ಕೆ.

ತಪ್ಪು ನನ್ನದೇ. ಹಿಂದಿನ ದೀಪಾವಳಿಯಲ್ಲಿ ಅಕ್ಕನ ಮಗನಿಗೆ, "ಹತ್ತನೇ ಕ್ಲಾಸಿನಲ್ಲಿ ತೊಂಬತ್ತು ದಾಟಿಸು, ನೀನು ಏನು ಕೇಳಿದರೂ ಕೊಡಿಸ್ತೀನಿ" ಅಂದಿದ್ದೆ. ಹೆಚ್ಚೆಂದರೆ ಗೇಮಿಂಗ್ ಲ್ಯಾಪ್‌ಟಾಪ್ ಕೇಳಿಯಾನು, ಇಎಂಐ ಹಾಕಿಸಿಕೊಂಡರಾಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅವನಿಗೆ ತೊಂಬತ್ತೊಂದು ಬಂತು. ಕೇಳಿದ್ದು ಬೋವಾ ಕನ್‌ಸ್ಟ್ರಿಕ್ಟರ್. ಅದೇ ರಾತ್ರಿ ಅಕ್ಕನ ಫೋನ್. "ತಮ್ಮಾ, ಮಾತು ಕೊಟ್ಟವ ನೀನು. ಬಂದು ನೀನೇ ಬಿಡಿಸು. ಹಾವು ಮನಿಯೊಳಗ ಬಂದ್ರ ನಾ ಹೊರಗ."

ಅಕ್ಕ ಭಾವ ಧಾರವಾಡ ಬಿಟ್ಟು ಹದಿನೆಂಟು ವರ್ಷವಾಯಿತು. ಭಾವನದು ಯಂತ್ರಗಳ ದುರಸ್ತಿಯ ಸಣ್ಣ ಗುತ್ತಿಗೆ ಕೆಲಸ. ಈ ಊರಿನಲ್ಲಿ ಯಾವ ಮಾತು ಶುರುವಾದರೂ ಕೊನೆಗೆ ವಿದ್ಯುತ್ ಸ್ಥಾವರಕ್ಕೆ ಬಂದು ನಿಲ್ಲುತ್ತದೆ. 210ರ ನಾಲ್ಕು ಘಟಕ, 500ರ ಒಂದು, ಒಟ್ಟು 1340 ಮೆಗಾವ್ಯಾಟ್. ಪಕ್ಕದಲ್ಲೇ ಗಣಿಗಳು, ಆಚೆ ಕನ್ಹಾನ್ ನದಿ. ಮನೆಯಲ್ಲಿ ಕನ್ನಡ, ಬಾಗಿಲಾಚೆ ಹಿಂದಿ ಬೆರೆತ ವಿದರ್ಭದ ಮರಾಠಿ. ಇಲ್ಲಿ ಯಾರನ್ನು ಕರೆದರೂ 'ಭಾವೂ', ಅಂದರೆ ಅಣ್ಣ. ತರಕಾರಿಯವನು ನನ್ನನ್ನು ಹಾಗೆ ಕರೆದಾಗಲೆಲ್ಲ ಇವನು ನನಗೆ ಯಾವ ಕಡೆಯ ಭಾವ ಎಂದು ಒಂದು ಕ್ಷಣ ಗಲಿಬಿಲಿಯಾಗುತ್ತದೆ.

ಹುಡುಗ ತಯಾರಾಗಿಯೇ ಕೂತಿದ್ದ. ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್. ನಮ್ಮ ಟೀಮಿನ ಹೊಸಬರು ಇಷ್ಟು ಚೊಕ್ಕವಾಗಿ ಮಾಡಿಕೊಟ್ಟರೆ ನಾನು ವರ್ಷಪೂರ್ತಿ ಬಯ್ಯುವುದಿಲ್ಲ. ಗಾಜಿನ ಬಾಗಿಲಿನ ಪೆಟ್ಟಿಗೆ ಆರಡಿ ಉದ್ದ, ಎರಡಡಿ ಅಗಲ. ಒಂದು ತುದಿಯಲ್ಲಿ 32 ಡಿಗ್ರಿ, ಇನ್ನೊಂದು ತುದಿಯಲ್ಲಿ 26. ಹಾವಿಗೆ ನಮ್ಮ ಹಾಗೆ ಒಳಗಿನ ಶಾಖ ಇಲ್ಲ, ಬೇಕಾದ ಕಡೆ ಸರಿದು ಮೈ ಕಾಯಿಸಿಕೊಳ್ಳುತ್ತದೆ, ತಣಿಸಿಕೊಳ್ಳುತ್ತದೆ. ಹಾಗಾಗಿ ಎರಡೂ ತುದಿ ಬೇಕು, ಎರಡೂ ತುದಿಗೆ ಅಡಗುವ ಗೂಡು ಬೇಕು. ತೇವಾಂಶ 60 ಶೇಕಡಾದ ಆಸುಪಾಸು. ಅದು ಕಡಿಮೆಯಾದರೆ ಪೊರೆ ಒಂದೇ ಸಲಕ್ಕೆ ಕಳಚುವುದಿಲ್ಲ, ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ, ಕಣ್ಣಿನ ಮೇಲೂ ಉಳಿಯುತ್ತದೆ. ಬೆಳೆದ ಹೆಣ್ಣು ಏಳರಿಂದ ಹತ್ತಡಿ ಆಗಬಹುದು, ತೂಕ ಹತ್ತು ಕಿಲೋ ದಾಟಬಹುದು. ಊಟ ಎರಡು ಮೂರು ವಾರಕ್ಕೊಮ್ಮೆ.

"ಸುತ್ತಿ ಉಸಿರುಗಟ್ಟಿಸಿ ಕೊಲ್ತದಲ್ಲಾ?" ಅಂದೆ, ನನಗೂ ಗೊತ್ತು ಎಂದು ತೋರಿಸಿಕೊಳ್ಳಲು.

"ಇಲ್ಲ ಮಾಮಾ, ಅದು ಹಳೇ ಮಾತು. ಉಸಿರಿಗಿಂತ ಮೊದಲು ರಕ್ತ ಓಡೋದು ನಿಲ್ತದ. 2015ರಾಗ ಅಮೆರಿಕಾದವರು ಇಲಿಗೆ ವೈರ್ ಹಾಕಿ ಅಳದು ನೋಡ್ಯಾರ."

ಆಮೇಲೆ ಹುಡುಕಿ ನೋಡಿದೆ. ಹುಡುಗ ಹೇಳಿದ್ದು ಸರಿ. ಹಿಡಿತ ಬಿಗಿಯಾದ ಕೆಲವೇ ಸೆಕೆಂಡುಗಳಲ್ಲಿ ಇಲಿಯ ರಕ್ತದೊತ್ತಡ ಕುಸಿಯುತ್ತದೆ. ನಮ್ಮ ಬಾಯಲ್ಲಿ ಇದೂ ಹೆಬ್ಬಾವೇ. ಆದರೆ ನಮ್ಮ ಹೆಬ್ಬಾವು ಮೊಟ್ಟೆಯಿಟ್ಟು ಸುತ್ತಿ ಕೂತು ಕಾವು ಕೊಡುತ್ತದೆ, ಬೋವಾ ನೇರವಾಗಿ ಮರಿ ಹಾಕುತ್ತದೆ, ಒಂದೇ ಸಲಕ್ಕೆ ಹತ್ತಾರು. ವಿಷ ಇಲ್ಲ. ಅದರ ಮೂಲ ನೆಲೆ ಮಧ್ಯ ಮತ್ತು ದಕ್ಷಿಣ ಅಮೆರಿಕ.

ಶೀಟಿನಲ್ಲಿ ನನ್ನ ಕಣ್ಣು ನಿಂತದ್ದು 'ಆಹಾರ' ಎಂಬ ಸಾಲಿನ ಮೇಲೆ. ಸಾಕಿದ ಬೋವಾಕ್ಕೆ ಜೀವಂತ ಇಲಿ ಹಾಕುವುದಿಲ್ಲ, ಅದು ತಿರುಗಿ ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಸತ್ತ ಇಲಿಯನ್ನು ಫ್ರೀಜರಿನಲ್ಲಿಟ್ಟು, ಬೇಕಾದಾಗ ಕರಗಿಸಿ, ಬೆಚ್ಚಗೆ ಮಾಡಿ ಕೊಡಬೇಕು. ಫ್ರೀಜರ್ ಎಂದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಫ್ರಿಜ್ಜಿನಾಗ ಇಲಿ?"

ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಹುಡುಗ ತನ್ನ ಕೋಣೆಗೆ ಬೇರೆ ಚಿಕ್ಕ ಫ್ರಿಜ್ಜಿನ ಸಾಲು ತೋರಿಸಿದ. ಅಕ್ಕ ಅದನ್ನು ನೋಡದೆಯೇ ಒಳಗೆ ಹೋದಳು. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋಯಿತು. ಹೊರಗೆ ಚಿಮಣಿ ಹೊಗೆ ಬಿಡುತ್ತಲೇ ಇತ್ತು. ದೀಪದ ಬುಡದ ಕತ್ತಲೆಯ ಬಗ್ಗೆ ಈ ಊರಿನವರು ಎಷ್ಟು ಜೋಕು ಮಾಡಿ ದಣಿದಿದ್ದಾರೆಂದರೆ ಯಾರೂ ಏನೂ ಹೇಳಲಿಲ್ಲ. ಕೂಲರ್ ನಿಂತು ಅರ್ಧ ಗಂಟೆಯಲ್ಲಿ ಹುಡುಗನ ಮೇಜಿನ ಮೇಲಿದ್ದ ಥರ್ಮಾಮೀಟರ್ 39 ತೋರಿಸಿತು. ಅದನ್ನು ಹಾವಿಗೆಂದೇ ಮೊದಲೇ ತರಿಸಿಟ್ಟಿದ್ದ. ನಾನು ಏನೂ ಅನ್ನದೆ ಅದರತ್ತ ನೋಡಿದೆ, ಅವನೂ ನೋಡಿದ. ಬೋವಾ 35 ದಾಟಿದ ಕಡೆ ಬಹಳ ಹೊತ್ತು ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ. ಕಾಯಿಸುವ ಪ್ಯಾಡಿಗೆ ಇನ್ವರ್ಟರ್ ಸಾಕು. ಇಲ್ಲಿ ಬೇಕಾದದ್ದು ಮೇ ತಿಂಗಳಿಡೀ ತಣಿಸುವ ಯಂತ್ರ, ಅದು ಕೆಟ್ಟರೆ ಇನ್ನೊಂದು. ನಮ್ಮ ಸರ್ವರ್ ರೂಮಿಗೆ ಮಾಡುವ ಏರ್ಪಾಡು. ಸರ್ವರ್ ಆದರೆ ಬಿಸಿಯಾದಾಗ ಅಲಾರಂ ಹೊಡೆಯುತ್ತದೆ. ಹಾವು ಕೂಗುವುದಿಲ್ಲ.

"ನೀನು ಕಾಲೇಜಿಗೆ ಹೋದಾಗ ಇದನ್ನ ಯಾರು ನೋಡ್ತಾರ?" ಎಂದು ಕೇಳಿದೆ. ಉತ್ತರ ಇಬ್ಬರಿಗೂ ಗೊತ್ತಿತ್ತು. ಒಳ್ಳೆಯ ಆರೈಕೆಯಲ್ಲಿ ಬೋವಾ 20ರಿಂದ 30 ವರ್ಷ ಬದುಕುತ್ತದೆ. ಫಿಲಡೆಲ್ಫಿಯಾ ಮೃಗಾಲಯದಲ್ಲಿದ್ದ ಪಾಪ್‌ಐ ಎಂಬುದು 1977ರಲ್ಲಿ ಸತ್ತಾಗ ಅದಕ್ಕೆ 40 ದಾಟಿತ್ತು. ಈ ಹುಡುಗನಿಗೆ ಈಗ ಹದಿನಾರು. ಎರಡು ವರ್ಷ ಕೋಚಿಂಗ್, ಆಮೇಲೆ ಯಾವುದೋ ಊರಿನ ಹಾಸ್ಟೆಲ್, ಆಮೇಲೆ ನನ್ನ ಹಾಗೆ ಯಾವುದೋ ಮಹಾನಗರದ ಬಾಡಿಗೆ ಮನೆ. ಬೆಕ್ಕು ಇದೆ ಎಂದರೇ ಪುಣೆಯ ಸೊಸೈಟಿಯವರು ಮುಖ ಸಿಂಡರಿಸುತ್ತಾರೆ. ಅಂದರೆ ಹಾವು ಖಾಪರಖೇಡಾದಲ್ಲೇ ಉಳಿಯುತ್ತದೆ, ಇಲಿ ಕರಗಿಸುವವಳು ಅಕ್ಕ. ನಾವು ಊರು ಬಿಟ್ಟವರೆಲ್ಲ ಒಂದಲ್ಲ ಒಂದನ್ನು ತಾಯಂದಿರ ಕೊರಳಿಗೆ ಕಟ್ಟಿಯೇ ಬಂದಿದ್ದೇವೆ. ಧಾರವಾಡದಲ್ಲಿ ನನ್ನ ನಾಯಿಯನ್ನು ಅದು ಸಾಯುವವರೆಗೆ ಒಂಬತ್ತು ವರ್ಷ ನೋಡಿಕೊಂಡವಳು ಅಮ್ಮ. ಅದನ್ನು ಹೇಳಲು ಹೊರಟು, ನನಗೇ ನಾಚಿಕೆಯಾಗಿ ಸುಮ್ಮನಾದೆ.

ಕಾಗದಪತ್ರದ ವಿಷಯಕ್ಕೆ ಬಂದೆವು. ಇದು ನಾನು ರೈಲಿನಲ್ಲಿ ಓದಿಕೊಂಡು ಬಂದದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಬಹುಕಾಲ ಅದರಲ್ಲಿ ವಿದೇಶಿ ಪ್ರಾಣಿಗಳ ಮಾತೇ ಇರಲಿಲ್ಲ. ಹಾಗಾಗಿ ಒಮ್ಮೆ ಗಡಿ ದಾಟಿ ಒಳಗೆ ಬಂದ ಬೋವಾವನ್ನು ಕೇಳುವವರು ಕಡಿಮೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಪಟ್ಟಿಯ ಪ್ರಾಣಿಗಳೂ ಕಾಯ್ದೆಯೊಳಗೆ ಬಂದವು, ಬೋವಾ ಸಮೇತ. 2024ರ ಫೆಬ್ರವರಿ ಕೊನೆಗೆ ನೋಂದಣಿಯ ನಿಯಮ ಬಂತು. ಅಂಥ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳೊಳಗೆ, ಹೊಸದಾಗಿ ಪಡೆದವರು 30 ದಿನದೊಳಗೆ, ಪರಿವೇಶ್ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಬೇಕು. ಕೈಬದಲಾದರೆ, ಮರಿ ಹಾಕಿದರೆ, ಸತ್ತರೆ ತಿಳಿಸಬೇಕು. ತಮಾಷೆಯೆಂದರೆ ಮಹಾರಾಷ್ಟ್ರದ ಅರಣ್ಯ ಇಲಾಖೆಯ ಮುಖ್ಯ ಕಚೇರಿ ಮುಂಬೈಯಲ್ಲಿಲ್ಲ, ನಾಗ್ಪುರದ ಸಿವಿಲ್ ಲೈನ್ಸಿನ ವನಭವನದಲ್ಲಿದೆ. ಇಡೀ ರಾಜ್ಯದ ಬೋವಾಗಳ ಲೆಕ್ಕ ಹೋಗಿ ಸೇರುವ ಕಚೇರಿ ಅಕ್ಕನ ಮನೆಯಿಂದ ಒಂದು ಗಂಟೆಯೂ ದೂರವಿಲ್ಲ.

"ನೀ ಮಾತಾಡಿದವನ ಹತ್ರ ನೋಂದಣಿ ಕಾಗದ ಅದ ಏನು?"

ಹುಡುಗ ಫೋನ್ ತೋರಿಸಿದ. ಮಾರುವವನು ಮರಿಯ ಚೆಂದದ ಫೋಟೊ ಕಳಿಸಿದ್ದ. ತಿಳಿಗಂದು ಮೈ, ಬೆನ್ನಿಗೆ ತಡಿ ಹಾಕಿದ ಹಾಗೆ ಕಡುಗಂದು ಪಟ್ಟೆ, ಬಾಲದ ಹತ್ತಿರ ಅದೇ ಪಟ್ಟೆ ಇಟ್ಟಿಗೆಗೆಂಪಾಗುತ್ತದೆ. ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ಕೆಳಗೆ ಒಂದು ಸಾಲು: ಪೇಪರ್ ಆಮೇಲೆ ಮಾಡಿಸಿಕೊಳ್ಳಬಹುದು.

ಅಂಥ ಮರಿಗಳು ಹೇಗೆ ಬರುತ್ತವೆ ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 2024ರ ಏಪ್ರಿಲ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಸಾಮಾನಿನೊಳಗೆ ಕಸ್ಟಮ್ಸ್‌ನವರಿಗೆ ಹತ್ತು ಹಳದಿ ಅನಕೊಂಡಗಳು ಸಿಕ್ಕವು. ಅನಕೊಂಡ ಬೋವಾದ ಕುಟುಂಬದ್ದೇ. ಅದಕ್ಕೂ ಹಿಂದೆ, 2023ರ ಆಗಸ್ಟಿನಲ್ಲಿ, ಅದೇ ಬ್ಯಾಂಕಾಕಿನಿಂದ ಬಂದ ಇನ್ನೊಬ್ಬನ ಪೆಟ್ಟಿಗೆಯಲ್ಲಿ 234 ಪ್ರಾಣಿಗಳಿದ್ದವು. ಅದರಲ್ಲಿದ್ದ ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು. ಹುಡುಗನಿಗೆ ಹಾವುಗಳದು ಗೊತ್ತಿತ್ತು, ಕಾಂಗರೂ ಮರಿಯದು ಗೊತ್ತಿರಲಿಲ್ಲ. ಫೋಟೊವನ್ನು ಇನ್ನೊಮ್ಮೆ ನೋಡಿ ಫೋನ್ ಕವುಚಿಟ್ಟ.

ನಾನು ಗೆದ್ದೆ ಎಂದುಕೊಂಡೆ. ಆದರೆ ಅವನು, "ಕಾಗದ ಇರೋ ಹಾವು ಸಿಕ್ರ?" ಎಂದ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಸಂಜೆ ಏಳೂವರೆಗೆ ಹಿಂದಿನ ಸಾಲಿನ ಮನೆಯಿಂದ ಕೂಗಾಟ. ಕೂಲರಿನ ಹಿಂದೆ 'ಘೋಣಸ್', ಅಂದರೆ ನಮ್ಮ ಕೊಳಕುಮಂಡಲ. ಇಡೀ ಓಣಿ ಬೆಂಕಿಯಾಗಿರುವಾಗ ಒದ್ದೆ ಇರುವುದು ಕೂಲರಿನ ಬುಡದಲ್ಲಿ ಮಾತ್ರ. ಕಪ್ಪೆ ಅಲ್ಲಿಗೆ ಬರುತ್ತದೆ, ಇಲಿ ಬರುತ್ತದೆ, ಹಿಂದೆಯೇ ಇವೂ ಬರುತ್ತವೆ. ಒಬ್ಬರ ಕೈಯಲ್ಲಿ ಆಗಲೇ ದೊಣ್ಣೆ. ನಮ್ಮ ಹುಡುಗ ಅವರಿಗೆ ಅಡ್ಡ ನಿಂತು ಸರ್ಪಮಿತ್ರನಿಗೆ ಫೋನ್ ಮಾಡಿದ. ಮಹಾರಾಷ್ಟ್ರದಲ್ಲಿ ಹಾವು ಹಿಡಿದು ಕಾಡಿಗೆ ಬಿಡುವವರಿಗೆ ಅದೇ ಹೆಸರು. ಬಂದವನು ಹಗಲು ವೆಲ್ಡಿಂಗ್ ಮಾಡುವ ಸಣಕಲು ಯುವಕ. ಬೈಕಿನಲ್ಲಿ ಕೊಕ್ಕೆ, ಬಟ್ಟೆಯ ಚೀಲ, ಪೈಪು. ಟಾರ್ಚ್ ಬಿಟ್ಟು ನೋಡಿ ನಕ್ಕ. "ಭಾವೂ, ಹಾ ವಿಷಾರೀ ನಾಹೀ." ವಿಷದ್ದಲ್ಲ.

ಮರಾಠಿಯಲ್ಲಿ ಅದು ಡುರ್ಕ್ಯಾ ಘೋಣಸ್. ಹೆಸರಿನಲ್ಲೇ ಘೋಣಸ್ ಇದೆ, ಅದೇ ಅದಕ್ಕೆ ಮುಳುವು. ಗಿಡ್ಡ ದಪ್ಪ ಮೈ, ಮಾಸಲು ಬಣ್ಣದ ಮೇಲೆ ಅಡ್ಡಾದಿಡ್ಡಿ ಕಂದು ಮಚ್ಚೆ, ಒರಟು ಮೊಂಡು ಬಾಲ. ಕೊಳಕುಮಂಡಲದ ತಲೆ ತ್ರಿಕೋನ, ಕುತ್ತಿಗೆಯಿಂದ ಬೇರೆಯಾಗಿ ಕಾಣುತ್ತದೆ, ಮಚ್ಚೆಗಳು ಸರಪಳಿಯ ಕೊಂಡಿಗಳ ಹಾಗೆ ಸಾಲಾಗಿರುತ್ತವೆ. ಇದಕ್ಕೆ ಕುತ್ತಿಗೆಯೇ ಇಲ್ಲ. ಆದರೆ ದೊಣ್ಣೆ ಹಿಡಿದವನು ಅಷ್ಟು ನೋಡುತ್ತಾನೆಯೇ?

"ಮಾಮಾ, ಇದು ಸ್ಯಾಂಡ್ ಬೋವಾ," ಎಂದ ಹುಡುಗ. ಬೆಳಗಿನಿಂದ ಕೇಳದಿದ್ದ ದನಿ ಅದು. "ಇದೂ ಬೋವಾನೇ. ಮೊಟ್ಟೆ ಇಡಂಗಿಲ್ಲ, ಮರಿ ಹಾಕ್ತದ."

ಇದರ ಅಣ್ಣತಮ್ಮನೇ ನಮ್ಮ ಕಡೆಯ ಎರಡು ತಲೆ ಹಾವು, ಮರಾಠಿಯವರ ಮಾಂಡೂಳ. ಮನೆಯಲ್ಲಿದ್ದರೆ ನಿಧಿ ಸಿಗುತ್ತದೆಂಬ ಮೂಢನಂಬಿಕೆಗೆ ಸಿಕ್ಕಿ ಲಕ್ಷಗಟ್ಟಲೆ ರೂಪಾಯಿಯ ಮಾತಿನಲ್ಲಿ ಕಳ್ಳತನದಿಂದ ಕೈಬದಲಾಗುವ ಬಡಪಾಯಿ. ಎರಡನ್ನೂ ಸಾಕುವಂತಿಲ್ಲ. ದಕ್ಷಿಣ ಅಮೆರಿಕದ ಬೋವಾವನ್ನು ಕಾಗದವಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬಹುದು, ನಮ್ಮ ಕೂಲರಿನ ಹಿಂದಿನ ಬೋವಾವನ್ನು ಯಾವ ಕಾಗದವಿದ್ದರೂ ಇಟ್ಟುಕೊಳ್ಳುವಂತಿಲ್ಲ. ಕಾನೂನಿನ ಈ ಸೊಟ್ಟ ಮೊದಲು ನನಗೆ ನಗು ತರಿಸಿತು. ಆಮೇಲೆ ಅರುಬಾ ದ್ವೀಪ ನೆನಪಾಯಿತು. ಅಲ್ಲಿ 1999ರಲ್ಲಿ ಮೊದಲ ಸಲ ಬೋವಾ ಕಂಡಿತು. ಸಾಕಿದವರು ಬಿಟ್ಟದ್ದೋ ತಪ್ಪಿಸಿಕೊಂಡದ್ದೋ ಇರಬೇಕೆಂದು ನಂಬುತ್ತಾರೆ. ಇಂದಿಗೂ ಆ ದ್ವೀಪದ ಹಕ್ಕಿ, ಓತಿಗಳನ್ನು ಅದು ತಿನ್ನುತ್ತಲೇ ಇದೆ. ಮೂವತ್ತು ವರ್ಷದ ಪ್ರಾಣಿ ಬೇಸರವಾದಾಗ ಕನ್ಹಾನ್ ದಂಡೆಗೆ ಬಿಟ್ಟು ಬರುವವನು ನಮ್ಮ ಹುಡುಗ ಅಲ್ಲದಿರಬಹುದು. ಎಲ್ಲರೂ ಅವನಂತಿರುವುದಿಲ್ಲ.

ಹಾವು ಚೀಲಕ್ಕೆ ಹೋಯಿತು. ಅರಣ್ಯ ಇಲಾಖೆಯವರಿಗೆ ಫೋನಾಯಿತು. ಬಿಡಲು ಹೋಗುವಾಗ ಹುಡುಗ ಜೊತೆಗೆ ಬರುತ್ತೇನೆಂದ. ಹದಿನೆಂಟು ತುಂಬದವರನ್ನು ಕರೆದೊಯ್ಯುವುದಿಲ್ಲ ಎಂದ ಸರ್ಪಮಿತ್ರ. ನಾನು ಹಿರಿಯ, ಜೊತೆಗಿರುತ್ತೇನೆ ಎಂದು ಗೋಗರೆದ ಮೇಲೆ, ದೂರ ನಿಂತು ನೋಡಿ ಅಂದ. ಕಾರಿನಲ್ಲಿ ಅವನ ಬೈಕಿನ ಹಿಂದೆ ಹೋದೆವು. ಹೊಲದ ಬದುವಿನ ಹತ್ತಿರ ಚೀಲ ಬಿಚ್ಚಿದ. ಅದು ಒಂದು ನಿಮಿಷ ಸುಮ್ಮನೆ ಬಿದ್ದಿತ್ತು. ಆಮೇಲೆ ತಲೆಯನ್ನು ಕಪ್ಪು ಮಣ್ಣಿನ ಬಿರುಕಿಗೆ ತೂರಿಸಿ, ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ ಒಳಗೆ ಹೋಯಿತು. ಹಿಂದೆ ದೂರದಲ್ಲಿ ಚಿಮಣಿಗಳ ಕೆಂಪು ದೀಪ.

ವಾಪಸ್ಸು ಬರುವಾಗ ಹುಡುಗ ಮಾರುವವನಿಗೆ ಒಂದೇ ಸಾಲು ಬರೆದ: ನೋಂದಣಿಯ ಕಾಗದದ ಫೋಟೊ ಕಳಿಸಿ. ಊಟಕ್ಕೆ ಕೂರುವಷ್ಟರಲ್ಲಿ ಅವನು ಇವನ ನಂಬರ್ ಬ್ಲಾಕ್ ಮಾಡಿದ್ದ.

ಸಾಲ ಮಾತ್ರ ತೀರಿಲ್ಲ. ರಜೆಯಲ್ಲಿ ಮೈಸೂರಿಗೆ ಹೋಗಿ, ಕೊಲಂಬೊದಿಂದ ಬಂದ ಹಸಿರು ಅನಕೊಂಡ ನೋಡಿ ಬರೋಣ ಎಂದೆ. ಅದು ಬೇಕು, ಆದರೆ ಲೆಕ್ಕಕ್ಕೆ ಇಲ್ಲ ಅಂದ. ಅವನು ಕೇಳಿದ್ದು ಒಂದು ಒಳ್ಳೆಯ ಟಾರ್ಚ್, ಮೊಣಕಾಲುದ್ದದ ಬೂಟು, ಹದಿನೆಂಟು ತುಂಬಿದ ದಿನ ಒಂದು ಕೊಕ್ಕೆ. ಟಾರ್ಚ್ ಮತ್ತು ಬೂಟಿಗೆ ಪುಣೆಯಿಂದಲೇ ಆರ್ಡರ್ ಮಾಡಿದ್ದೇನೆ. ಕೊಕ್ಕೆಯ ವಿಷಯ ಅಕ್ಕನಿಗೆ ಇನ್ನೂ ಹೇಳಿಲ್ಲ.